ಸೋಮವಾರದ ಗಾಡಿ

ಮಕ್ಕಳನ್ನು ಕೂಡಿಸಿ ಎಳೆಯುವ ಗಾಡಿ ಗಟ್ಟಿಯಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಎಳೆದು ನೋಡಿ ಉಪಯೋಗವಿಲ್ಲ, ಕೈ ಬಿಟ್ಟು ನೋಡಬೇಕು. ಎಳೆಯುವಾಗ ಎಲ್ಲ ಗಾಡಿಗಳೂ ಚೆನ್ನಾಗಿಯೇ ಇರುತ್ತವೆ. ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ. ನನ್ನ ಮಗಳ ತಲೆಯ ಹಿಂಭಾಗದಲ್ಲಿ ಕೂದಲು ಬೆಳೆಯದ ಒಂದು ಗೆರೆ ಈಗಲೂ ಇದೆ. ತಲೆ ಬಾಚುವಾಗ ಅದರ ಮೇಲೆ ಬೆರಳು ಹೋದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ. ಹೇಳುತ್ತ ಹೋದರೆ ನನ್ನ ಹೆಸರೂ ಅದರಲ್ಲಿ ಬರುತ್ತದೆ.

ನಾನು ಹುಟ್ಟಿದ್ದು ಸೊಲ್ಲಾಪುರದ ವ್ಯಾಪಾರಸ್ಥರ ಮನೆಯಲ್ಲಿ. ಅಪ್ಪನದು ನೂಲಿನ ವ್ಯಾಪಾರ. ವಿಜಾಪುರ ರಸ್ತೆಯ ಕಡೆ ನಮ್ಮದೊಂದು ಗೋದಾಮು ಇತ್ತು. ಕೊಟ್ಟದ್ದು ಅಕ್ಕಲಕೋಟದ ಆಚೆ, ವಾಗದರಿಯ ದಾರಿಯಲ್ಲಿರುವ ಒಂದು ಹಳ್ಳಿಯ ಒಕ್ಕಲುತನದ ಮನೆಗೆ. ಕೊಟ್ಟಿಗೆಯಲ್ಲಿ ಎಂಟು ಎತ್ತು, ಅಂಗಳದಲ್ಲಿ ಎರಡು ಚಕ್ಕಡಿ, ಪಡಸಾಲೆಯಲ್ಲಿ ಮಾವನವರು. ಅವರ ಮಾತಿನ ಮೇಲೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ಅಪ್ಪನ ಎದುರಿಗೆ ನಿಂತರೆ ಅವರ ಬಾಯಿಗೆ ಬೀಗ ಬೀಳುತ್ತಿತ್ತು. ನನ್ನ ಬಾಯಿಗೆ ಬೀಗ ಮಾಡಿದವರು ಇನ್ನೂ ಹುಟ್ಟಿರಲಿಲ್ಲ. "ಪ್ಯಾಟಿ ಹೆಣ್ಣ ತಂದು ತಪ್ಪ ಮಾಡಿದ್ವಿ" ಎಂದು ಅತ್ತೆಯವರು ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ನಾನು ಕೇಳಿಸಿಕೊಂಡು ರೊಟ್ಟಿ ಬಡಿಯುತ್ತಿದ್ದೆ, ಸ್ವಲ್ಪ ಜೋರಾಗಿ.

ಮೂವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಒಬ್ಬಳೇ ಮಗಳು. ಮೂರು ವರ್ಷದವಳಿದ್ದಾಗ ಒಂದು ವಾರ ಮೈ ಸುಡುವ ಜ್ವರ ಬಂತು. ಜ್ವರ ಬಿಟ್ಟು ಹೋಯಿತು, ಎರಡೂ ಕಾಲಿನ ಬಲವನ್ನು ತನ್ನ ಸಂಗಡ ಒಯ್ದಿತು. ಎಣ್ಣೆ ತಿಕ್ಕಿದೆವು, ಔಷಧಿ ಕುಡಿಸಿದೆವು, ಹರಕೆ ಹೊತ್ತೆವು. ಕಾಲು ಸಣ್ಣವಾಗುತ್ತ ಹೋದವು, ಹುಡುಗಿ ದೊಡ್ಡವಳಾಗುತ್ತ ಹೋದಳು. ಎರಡು ಅಂಗೈ ಊರಿ, ಮೈಯನ್ನು ಎಳೆದುಕೊಂಡು, ಇಡೀ ಮನೆ ಓಡಾಡುತ್ತಿದ್ದಳು.

ಮನೆಯವರಿಗೆ ಅವಳ ಮೇಲೆ ಪ್ರೀತಿ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಮಾವನವರು ತಮ್ಮ ತಾಟಿನ ಬೆಣ್ಣೆಯನ್ನು ಅವಳ ರೊಟ್ಟಿಗೆ ಹಚ್ಚುತ್ತಿದ್ದರು. ಆದರೆ ಆ ಪ್ರೀತಿ ಬಾಗಿಲ ಹೊಸ್ತಿಲ ಒಳಗೇ ಇತ್ತು. ಬೀಗರು ಬಂದರೆ ಸಾಕು, ಅತ್ತೆಯವರು ಅವಳನ್ನು ಒಳಕೋಣೆಗೆ ಸಾಗಿಸುತ್ತಿದ್ದರು. "ಕೂಸು ತೆವಳೂದು ಮಂದಿ ಕಣ್ಣಿಗ್ಯಾಕ ಬೀಳಬೇಕು?" ಎನ್ನುತ್ತಿದ್ದರು. ಆ ಒಳಕೋಣೆಗೆ ಒಂದು ಸಣ್ಣ ಕಿಟಕಿ. ಅದರ ಕೆಳಗೆ ಓಣಿಯ ಹುಡುಗರು ಮಗ್ಗಿ ಒದರುತ್ತ ಸಾಲಿಗೆ ಹೋಗುತ್ತಿದ್ದರು. ಕೇಳಿ ಕೇಳಿ ನನ್ನ ಮಗಳಿಗೆ ಹನ್ನೆರಡರ ತನಕ ಬಾಯಿಪಾಠವಾಗಿತ್ತು. ನಾನು ಪರಾತದಲ್ಲಿ ಜೋಳದ ಹಿಟ್ಟು ಹರವಿ ಅದರ ಮೇಲೆ ಅಕ್ಷರ ತಿದ್ದಿಸಿದ್ದೆ. ಏಳು ತುಂಬುವ ಹೊತ್ತಿಗೆ ಅವಳು ಒಂದೇ ಮಾತು ಹಿಡಿದಳು: "ಅವ್ವಾ, ನನ್ನೂ ಸಾಲಿಗಿ ಹಾಕು."

ಹಾಕಬೇಕೆಂದು ಆ ದಿನವೇ ನಾನೂ ನಿಶ್ಚಯ ಮಾಡಿದೆ. ಅವಳನ್ನು ಟೊಂಕದ ಮೇಲೆ ಹೊತ್ತು ಸಾಲಿಗೆ ನಡೆದೆ. ಸಾಲಿ ಹಳ್ಳದ ಆಚೆ ಇತ್ತು. ಇಳಿಜಾರು, ಹಳ್ಳದ ಮರಳು, ಮತ್ತೆ ಏರು. ಮುಟ್ಟುವುದರೊಳಗೆ ನನ್ನ ಒಂದು ಪಕ್ಕ ಜೋಮು ಹಿಡಿದಿತ್ತು. ಸಾಲಿ ಮರಾಠಿಯದು, ಮಾಸ್ತರು ಪುಣೆಯ ಕಡೆಯವರು. ನಮ್ಮೂರಿಗೆ ಬಂದು ಅರ್ಧ ಕನ್ನಡ ಕಲಿತಿದ್ದರು. ಮಗಳಿಗೆ ಮಗ್ಗಿ ಕೇಳಿದರು, ಅವಳು ಉಸಿರು ಬಿಡದೆ ಹೇಳಿದಳು.

"ಬಾಯಾರ, ಹುಡುಗೀಗೆ ಡೋಕಿ, ಅಂದ್ರ ತಲಿ, ಚಲೋ ಐತಿ, ಹೇ ಖರೆ" ಎಂದರು. "ಆದ್ರ ರೋಜ್ ಹ್ಯಾಂಗ ತರ್ತೀರಿ? ಎರಡು ದಿನಾ ತರ್ತೀರಿ, ಆಮ್ಯಾಲೆ ಬಿಡ್ತೀರಿ. ನನಗೆ ಹಜೇರಿ ಪಾಹಿಜೆ, ದಿನಾ ಬೇಕು. ದಿವಾಳಿ ಸುಟ್ಟಿ ಮುಗದ ಮ್ಯಾಲೆ ಸೋಮವಾರ ಸಾಹೇಬರು ತಪಾಸಣಿಗೆ ಬರ್ತಾರ. ಅವರ ಸಮೋರ್ ಹೊಸ ಹೆಸರು ಬರೀತೀನಿ. ಆ ದಿನ ಗಂಟೆ ಹೊಡಿಯೂದ್ರಾಗ ಹುಡುಗಿ ಇಲ್ಲಿ ಇದ್ದರೆ ಬರೀತೀನಿ. ಇಲ್ಲಂದ್ರ ಮುಂದಿನ ವರ್ಷ."

ಮುಂದಿನ ವರ್ಷ ಎಂಬ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಎಂಟು ತುಂಬಿದ ಹೆಣ್ಣುಮಗುವನ್ನು ಮೊದಲ ಇಯತ್ತೆಗೆ ಕಳಿಸುವವರು ನಮ್ಮ ಊರಲ್ಲಿ ಯಾರೂ ಇರಲಿಲ್ಲ. ಕಾಲು ಗಟ್ಟಿ ಇದ್ದವರಿಗೇ ಇಲ್ಲದ್ದು ಇವಳಿಗೆ ಸಿಗುತ್ತಿರಲಿಲ್ಲ. ಹೊತ್ತುಕೊಂಡೇ ತರುತ್ತೇನೆ ಎಂದು ಹೊರಟರೆ ಅದಕ್ಕೂ ಮಗಳೇ ಅಡ್ಡ ಬಂದಳು. ದಾರಿಯಲ್ಲಿ ಹುಡುಗರು "ಟೊಂಕದ ಕೂಸು" ಎಂದು ಹಿಂದೆ ಬಿದ್ದಿದ್ದರು. "ಅವ್ವಾ, ನಾ ಕೂಸಲ್ಲ. ಇನ್ನ ಮ್ಯಾಲ ಹೊತಗೊಂಡು ಹೋದ್ರ ನಾ ಬರೂದಿಲ್ಲ" ಎಂದಳು. ನನ್ನ ಮಗಳೇ ತಾನೇ, ಆ ಮಾತು ಬದಲಾಗುವುದಿಲ್ಲ ಎಂದು ನನಗೆ ತಿಳಿಯಿತು. ಇನ್ನು ಗಾಡಿ ಬೇಕು.

ನಾಗರ ಪಂಚಮಿಗೆ ಅಣ್ಣ ತವರಿಗೆ ಕರೆಯಲು ಬಂದ. ಮಗಳನ್ನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋದವಳೇ ಅವನ ತಲೆ ತಿಂದು ಪೇಟೆಗೆ ಕರೆದುಕೊಂಡು ಹೋದೆ. ಒಂದು ಅಂಗಡಿಯಲ್ಲಿ ಮಕ್ಕಳ ಗಾಡಿ ಗಾಜಿನ ಹಿಂದೆ ಕೂತಿತ್ತು. ನಾಲ್ಕು ಗಾಲಿ, ಕೆಂಪು ಬಣ್ಣ, ರಬ್ಬರಿನ ಪಟ್ಟಿ, ಎಳೆಯಲು ಒಂದು ಹಿಡಿಕೆ. ಮಗಳು ನೋಡಿದ ಕೂಡಲೇ ಕಣ್ಣರಳಿಸಿದಳು. ನಾನು ಗಾಡಿಯ ಅಂಚಿನ ಮೇಲೆ ಬೆರಳಾಡಿಸಿದೆ. ತಗಡು ಮಡಚಿದ ಕಡೆ ಈಳಿಗೆಯ ಅಲಗು ಇದ್ದಂತೆ ಇತ್ತು. ಹಿಡಿಕೆ ಎಷ್ಟು ಗಿಡ್ಡ ಎಂದರೆ ದೊಡ್ಡವರು ಎಳೆದರೆ ಟೊಂಕ ಮುರಿಯಬೇಕು, ಇಲ್ಲವೇ ಗಾಡಿಯ ಮುಂಭಾಗ ಮೇಲೇಳಬೇಕು.

"ವಿಲಾಯತಿ ಮಾಲ್ ಐತ್ರಿ ತಾಯಿ, ಡೋಳೆ ಮುಚ್ಚಿ ಒಯ್ರಿ" ಎಂದ ಅಂಗಡಿಯವ.

"ಕಣ್ಣ ಮುಚ್ಚಿ ಯಾಕ ಒಯ್ಯಲಿ? ಕಣ್ಣ ತೆರೆದ ನೋಡ್ತೀನಿ" ಎಂದೆ. ಪಕ್ಕದ ಕಿರಾಣಿ ಅಂಗಡಿಯಿಂದ ದೊಡ್ಡ ತೂಕದ ಕಲ್ಲುಗಳನ್ನು ತರಿಸು ಎಂದು ಅಣ್ಣನಿಗೆ ಹೇಳಿದೆ. ಅವನು ನೆಲ ನೋಡುತ್ತ ತರಿಸಿದ. ಒಂದೊಂದಾಗಿ ಗಾಡಿಯೊಳಗೆ ಇಟ್ಟೆ. ನನ್ನ ಮಗಳ ಭಾರ ಇನ್ನೂ ಆಗಿರಲಿಲ್ಲ, ಹಿಂದಿನ ಅಚ್ಚು ಬಿಲ್ಲಿನಂತೆ ಬಾಗಿ ಎರಡೂ ಗಾಲಿ ಒಳಗೆ ಮಲಗಿದವು.

"ಅವ್ವಾರ, ಇದು ಆಟದ ಸಾಮಾನ್ರಿ" ಎಂದ ಅಂಗಡಿಯವ, ಅಳುವ ಧ್ವನಿಯಲ್ಲಿ.

"ನನ್ನ ಮಗಳು ಆಟದ ಸಾಮಾನಲ್ರಿ" ಎಂದು ಎದ್ದು ಬಂದೆ. ಬಾಗಿದ ಅಚ್ಚಿಗೆ ಅಣ್ಣ ಏನು ಕೊಟ್ಟನೋ ಗೊತ್ತಿಲ್ಲ. ಮನೆ ಮುಟ್ಟುವ ತನಕ ಅವನು ನನ್ನ ಕಡೆ ನೋಡಲಿಲ್ಲ. ಮಗಳೂ ನೋಡಲಿಲ್ಲ, ಅವಳಿಗೆ ಆ ಕೆಂಪು ಬಣ್ಣದ ಮೇಲೆ ಮನಸ್ಸು ಹೋಗಿತ್ತು.

ಊರಿಗೆ ಬಂದು ಈ ಸುದ್ದಿ ಹೇಳಿದೆ. ಮಾವನವರು ಹುಬ್ಬು ಗಂಟಿಕ್ಕಿ ಕೇಳಿದರು. ಸಾಲಿಯ ಮಾತು ಅವರಿಗೆ ಹಿಡಿಸಿರಲಿಲ್ಲ, ಆದರೆ ಮೊಮ್ಮಗಳಿಗೆ ತಗಡಿನ ಗಾಡಿ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು. "ನಮ್ಮ ಮನಿ ಕೂಸು ತಗಡದಾಗ ಕುಂದರಬೇಕೇನು? ಬಡಿಗ್ಯಾರ ಮುದುಕಗ ಹೇಳಿ ಕಳಸ್ರಿ" ಎಂದರು.

ಆ ಬಡಿಗ ನಮ್ಮ ಸುತ್ತಿನ ಹಳ್ಳಿಗಳಲ್ಲೆಲ್ಲ ಚಕ್ಕಡಿಗೆ ಹೆಸರಾದವನು. ಸುಗ್ಗಿಗೆ ರಾಶಿಯ ಕಣದಿಂದ ತನ್ನ ಪಾಲಿನ ಜೋಳ ಒಯ್ಯುವುದು, ವರ್ಷವಿಡೀ ನಮ್ಮ ನೇಗಿಲು ಕೂರಿಗೆ ನೋಡಿಕೊಳ್ಳುವುದು ಅವನ ರೂಢಿ. ಕರೆದ ಕೂಡಲೇ ಬಂದ, ಮಗಳ ಅಳತೆ ತೆಗೆದ, ಹದಿನೈದು ದಿನದಲ್ಲಿ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಏನು ಗಾಡಿ ಅದು. ನಮ್ಮ ದೊಡ್ಡ ಚಕ್ಕಡಿಯ ಮರಿ. ಜಾಲಿಯ ಎರಡು ಗಾಲಿ, ಅವಕ್ಕೆ ಕಂಬಾರನಿಂದ ಕಬ್ಬಿಣದ ಹಳಿ, ಮುಂದೆ ಉದ್ದನೆಯ ಮೂಕಿ, ಅದರ ತುದಿಗೆ ನೊಗದ ಬದಲು ಕೈ ಹಿಡಿಯಲು ಒಂದು ಅಡ್ಡ ಕಟ್ಟಿಗೆ, ಎರಡು ಹಿತ್ತಾಳೆಯ ಗೆಜ್ಜೆ. ಓಣಿಯೆಲ್ಲ ನೋಡಲು ಬಂತು. ಮಾವನವರು ಮೀಸೆಯಲ್ಲೇ ನಕ್ಕರು. ನನಗೂ ಹಿಗ್ಗಾಯಿತು. ತೂಕದ ಕಲ್ಲು ಇಟ್ಟು ನೋಡುವ ಬುದ್ಧಿ ಆ ದಿನ ಎಲ್ಲಿ ಹೋಗಿತ್ತೋ. ನಮ್ಮ ಬಡಿಗ ಮಾಡಿದ್ದು, ಅದನ್ನೇನು ನೋಡುವುದು ಎಂದುಕೊಂಡೆ.

ಮಗಳನ್ನು ಹಿಂದೆ ದಿಂಬಿಗೆ ಆನಿಸಿ ಕೂಡಿಸಿದೆವು. ನಾನು ಅಡ್ಡ ಕಟ್ಟಿಗೆ ಹಿಡಿದು ಎಳೆದೆ. ಗೆಜ್ಜೆ ನುಡಿದವು, ಗಾಡಿ ಹೂವಿನಷ್ಟು ಹಗುರ. ಅಂಗಳ ದಾಟಿ ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಬಂದೆ. ತಲೆಯ ಮೇಲಿನ ಸೆರಗು ಜಾರಿತು. ಹಿರಿಯರು ಕೂತಿದ್ದಾರೆ ಎಂದು ಸೆರಗು ಎಳೆದುಕೊಳ್ಳಲು ಕೈ ಬಿಟ್ಟೆ. ಮೂಕಿ ಆಕಾಶಕ್ಕೆ ಎದ್ದಿತು, ಗಾಡಿ ಹಿಂದಕ್ಕೆ ಮಗುಚಿತು, ಮಗಳ ತಲೆ ಕಲ್ಲಿಗೆ ಬಡಿಯಿತು.

ಅವಳು ಅತ್ತದ್ದು ಸ್ವಲ್ಪ ತಡವಾಗಿ. ಆ ತಡವಾದ ಹೊತ್ತಿನಲ್ಲಿ ನಾನು ಅನುಭವಿಸಿದ್ದನ್ನು ಇಲ್ಲಿ ಬರೆಯಲಾರೆ. ಅರಿಸಿನ ಒತ್ತಿದೆವು, ಬಟ್ಟೆ ಕಟ್ಟಿದೆವು, ರಕ್ತ ನಿಂತಿತು. ನಿಂತ ಮೇಲೆ ಎಲ್ಲರ ಬಾಯಿ ತೆರೆಯಿತು.

"ಕೈ ಬಿಟ್ಟಾಕಿ ನೀ" ಎಂದರು ಅತ್ತೆಯವರು. ಓಣಿಯವರೂ ಅದನ್ನೇ ಅಂದರು. ಗಾಡಿಯಲ್ಲಿ ದೋಷವಿದೆ ಎಂದು ಒಬ್ಬರೂ ಅನ್ನಲಿಲ್ಲ. ಮಾವನವರು ಮಾತ್ರ ನನ್ನನ್ನು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. "ಸಾಲಿನೂ ಬ್ಯಾಡ, ಗಾಡಿನೂ ಬ್ಯಾಡ" ಎಂದು ಗಾಡಿಯನ್ನು ಕೊಟ್ಟಿಗೆಯ ಮೂಲೆಗೆ ಹಾಕಿಸಿದರು.

ನಾಲ್ಕು ದಿನ ಕೊಟ್ಟಿಗೆಗೆ ಹೋದಾಗಲೆಲ್ಲ ಆ ಗಾಡಿಯನ್ನೇ ನೋಡಿದೆ. ಐದನೆಯ ದಿನ ಹೊಲದಿಂದ ಚಕ್ಕಡಿ ಬಂತು. ಆಳು ಎತ್ತುಗಳ ಕೊರಳು ಬಿಡಿಸುವ ಮೊದಲು ಮೂಕಿಯ ಕೆಳಗೆ ಒಂದು ಗಟ್ಟಿ ಕಟ್ಟಿಗೆಯನ್ನು ಆಸರೆ ಕೊಟ್ಟ. ದಿನಾ ಕೊಡುತ್ತಿದ್ದ. ದಿನಾ ನಾವೆಲ್ಲ ನೋಡುತ್ತಿದ್ದೆವು. ಆ ಹೊತ್ತು ನನಗೆ ಹೊಳೆಯಿತು: ಎರಡು ಗಾಲಿಯ ಚಕ್ಕಡಿಯನ್ನು ನೆಟ್ಟಗೆ ಹಿಡಿಯುವುದು ಎತ್ತಿನ ಹೆಗಲು. ಎತ್ತು ಇಲ್ಲದ ಚಕ್ಕಡಿ ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ಎತ್ತಿನ ನಡುವೆಯೇ ಬೆಳೆದ ಊರಿಗೆ ಊರೇ, ಆ ಬಡಿಗನೂ ಸೇರಿ, ಗಾಡಿಯ ಲೆಕ್ಕದಲ್ಲಿ ಎತ್ತನ್ನು ಹಿಡಿಯುವುದನ್ನೇ ಮರೆತಿತ್ತು. ಎತ್ತು ಇದ್ದೇ ಇರುತ್ತದೆ ಎಂದು ಎಲ್ಲರ ಮೈಗೆ ಹತ್ತಿಹೋಗಿತ್ತು. ನಾನು ಕೈ ಬಿಟ್ಟದ್ದು ನಿಜ. ಮನುಷ್ಯರು ಯಾವಾಗಲಾದರೂ ಕೈ ಬಿಡುತ್ತಾರೆ. ಕೈ ಬಿಟ್ಟರೆ ಮಗುಚುವ ಗಾಡಿ ಮಕ್ಕಳ ಗಾಡಿಯಲ್ಲ.

ಅದರ ಹಿಂದೆಯೇ ಅಪ್ಪನ ಗೋದಾಮು ನೆನಪಾಯಿತು. ಅಲ್ಲಿ ನೂಲಿನ ಗಂಟುಗಳನ್ನು ಅತ್ತಿತ್ತ ಸಾಗಿಸಲು ನೆಲಕ್ಕೆ ಹತ್ತಿದ ನಾಲ್ಕು ಗಾಲಿಯ ಗಾಡಿಗಳಿದ್ದವು. ಸಣ್ಣವಳಿದ್ದಾಗ ಅದರ ಮೇಲೆ ಕೂತು ಆಡಿ ಬೈಸಿಕೊಂಡಿದ್ದೆ. ಆಳುಗಳು ಹಿಡಿಕೆ ಬಿಟ್ಟು ಬೀಡಿ ಸೇದಲು ಹೋದರೂ ಅವು ನಿಂತಲ್ಲೇ ನಿಂತಿರುತ್ತಿದ್ದವು.

ಬಿತ್ತಿಗೆಯ ಕಾಲ ಬಂತು. ಬಡಿಗ ಕೂರಿಗೆ ರಿಪೇರಿಗೆ ನಮ್ಮ ಹಿತ್ತಲಿಗೆ ಬಂದ. ಅವನ ಮುಖ ಇಳಿದಿತ್ತು. ಮಗಳ ತಲೆಯ ಕಟ್ಟು ನೋಡಿ, "ಅವ್ವಾರ, ಮೂವತ್ತು ವರ್ಷ ಚಕ್ಕಡಿ ಮಾಡೀನ್ರಿ. ಒಂದೂ ಮಗಚಿಲ್ಲ" ಎಂದ.

"ಅವಕ್ಕ ಎತ್ತ ಇದ್ವು ಕಾಕಾ. ಇದಕ್ಕ ನಾ ಇದ್ದೆ" ಎಂದೆ. "ಈಗ ನಾಲ್ಕ ಗಾಲೀದು ಮಾಡಿಕೊಡ್ರಿ."

"ನಾಲ್ಕ ಗಾಲಿ ನಮ್ಮ ಕೈಲೆ ಆಗಿಲ್ರಿ. ನೆಟ್ಟಗ ಹೋಗ್ತೈತಿ, ಹೊಳ್ಳೂದು ಹ್ಯಾಂಗ್ರಿ? ಓಣಿ ಮೂಲ್ಯಾಗ ಎತ್ತಿ ತಿರಗಸ್ಬೇಕಾಗ್ತದ."

ನಾನು ಆಗ ಜೋಳ ಬೀಸುತ್ತಿದ್ದೆ. ಬೀಸುವುದು ನಿಲ್ಲಿಸಿ, "ಇಲ್ಲಿ ಬರ್ರಿ" ಎಂದೆ. ಮೇಲಿನ ಕಲ್ಲನ್ನು ಎತ್ತಿ ಕೆಳಗಿನ ಕಲ್ಲಿನ ನಡುವಿನ ಗೂಟ ತೋರಿಸಿದೆ. ಮತ್ತೆ ಕಲ್ಲು ಇಟ್ಟು ಒಂದು ಸುತ್ತು ತಿರುಗಿಸಿದೆ. "ಕೆಳಗಿನ ಕಲ್ಲ ಅಲುಗಿತೇನು? ಮ್ಯಾಲಿಂದು ಗೂಟದ ಸುತ್ತ ತಿರಗತೈತಿ. ಇದನ್ನ ಬೋರಲ ಹಾಕಿದಾಂಗ ಮಾಡ್ರಿ. ಮ್ಯಾಲ ಹಲಗಿ ನಿಂದರ್ಲಿ, ಕೆಳಗ ಮುಂದಿನ ಅಚ್ಚ ಗೂಟದ ಮ್ಯಾಲ ತಿರಗಲಿ."

ಅವನು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ತಾನೇ ಒಂದು ಸುತ್ತು ತಿರುಗಿಸಿದ. ಆ ಗೂಟ ಅವನೇ ಹಾಕಿಕೊಟ್ಟದ್ದು. "ಮಾವಾರಿಗೆ ಏನಂತ ಹೇಳ್ಲಿ?" ಎಂದ. ಸಾಲಿನೂ ಬೇಡ ಗಾಡಿನೂ ಬೇಡ ಎಂದು ಅವರು ಅಂದದ್ದು ಊರಿಗೆಲ್ಲ ಗೊತ್ತಿತ್ತು.

"ಏನೂ ಹೇಳಬ್ಯಾಡ್ರಿ. ಕೇಳಿದ್ರ ನನ್ನ ಕಡೆ ಕಳಸ್ರಿ."

ಕೊಟ್ಟಿಗೆಯ ಮೂಲೆಯ ಗಾಡಿಯನ್ನು ಬಡಿಗ ತನ್ನ ಅಂಗಳಕ್ಕೆ ಒಯ್ದು ಬಿಚ್ಚಿ, ಅದರ ಗಾಲಿಗಳನ್ನೇ ತಗ್ಗಿಸಿ ಹಿಂದೆ ಹಾಕಿದ. ಮುಂದಕ್ಕೆ ಜಾಲಿಯ ಬೊಡ್ಡೆ ಕೊಯ್ದು ಎರಡು ಸಣ್ಣ ಗಾಲಿ ಮಾಡಿದ. ನಾನು ದಿನಬಿಟ್ಟು ದಿನ ಹೋಗಿ ಅವನ ಜೀವ ತಿಂದೆ. ಕೂಡುವ ಹಲಗೆ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು, ಬಿದ್ದರೂ ಬೀಳುವುದು ಕಡಿಮೆಯಾಗಲಿ. ಬದಿಯ ಹಲಗೆ ಅವಳ ಕಂಕುಳ ತನಕ ಬರಲಿ, ಒಂದು ಬದಿ ಬಿಚ್ಚಿ ಅವಳೇ ಇಳಿಯುವಂತಿರಲಿ. ಒಳಗೆ ಒಂದು ಮೊಳೆಯೂ ತಲೆ ಎತ್ತಬಾರದು. ಮುಂದಿನ ಅಚ್ಚು ಪೂರ್ತಿ ತಿರುಗಿದರೆ ಗಾಡಿ ಪಕ್ಕಕ್ಕೆ ವಾಲುತ್ತದೆ, ಅದಕ್ಕೆ ಎರಡೂ ಕಡೆ ಅಡ್ಡಗಟ್ಟು ಇರಲಿ. ಎಳೆಯಲು ಹಗ್ಗ ಬೇಡ, ಉದ್ದನೆಯ ಕಟ್ಟಿಗೆಯೇ ಬೇಕು. ಹಗ್ಗವಾದರೆ ಹಳ್ಳದ ಇಳಿಜಾರಿನಲ್ಲಿ ಗಾಡಿ ನನ್ನ ಹಿಮ್ಮಡಿಗೆ ಬಂದು ಬಡಿಯುತ್ತದೆ. ಉರುಳದಂತೆ ಗಾಲಿಗೆ ಅಡ್ಡ ಕೊಡಲು ಒಂದು ಮರದ ತುಂಡನ್ನು ದಾರದಲ್ಲಿ ಕಟ್ಟಿ ಗಾಡಿಗೇ ತೂಗುಹಾಕಿರಲಿ. ಕೊನೆಗೆ ಅವನು ಕೈ ಮುಗಿದು, "ಅವ್ವಾರ, ಮುಂದಿನ ಜನ್ಮಕ್ಕ ನೀವು ಬಡಿಗ್ಯಾರ ಮನ್ಯಾಗ ಹುಟ್ರಿ, ನಾ ಬ್ಯಾರೆ ಕಡೆ ಹುಟ್ತೀನಿ" ಎಂದ.

ಗಾಡಿ ಮುಗಿದದ್ದು ಸಾಹೇಬರು ಬರುವ ಮುಂಚಿನ ದಿನ, ರವಿವಾರ ಹೊತ್ತು ಇಳಿಯುವಾಗ. ಬಡಿಗನ ಅಂಗಳದಲ್ಲಿಯೇ ಮಗಳನ್ನು ಕೂಡಿಸುವ ಮೊದಲು ಒಳಗೆ ಒರಳುಕಲ್ಲು ಇರಿಸಿದೆ. ಹಿಂದೆ ಸರಿಸಿ ಇಟ್ಟೆ, ಪಕ್ಕಕ್ಕೆ ಇಟ್ಟೆ. ಎಳೆದೆ, ಓಣಿಯ ಮೂಲೆಯಲ್ಲಿ ಹೊರಳಿಸಿದೆ. ಆಮೇಲೆ ಎರಡೂ ಕೈ ಬಿಟ್ಟು ದೂರ ನಿಂತೆ. ಗಾಡಿ ಅಲುಗಲಿಲ್ಲ. ನನಗೆ ಅಳು ಬಂತು. ಬಡಿಗ ಮುಖ ತಿರುಗಿಸಿ ತನ್ನ ಬಾಚಿಯ ಅಲಗು ಒರೆಸುತ್ತ ನಿಂತ. ಕತ್ತಲಾದ ಮೇಲೆ ಗಾಡಿಯನ್ನು ಮನೆಗೆ ತಂದು ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದೆ.

ಮರುದಿನ ಸೋಮವಾರ. ನಮ್ಮ ಕಡೆಯ ಒಕ್ಕಲಿಗರ ಮನೆಗಳಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವನ ವಾರ. ಎಂಥ ಹದವಿದ್ದರೂ ಬಿತ್ತುವುದಿಲ್ಲ, ಚಕ್ಕಡಿ ಹೂಡುವುದಿಲ್ಲ. ಆ ದಿನ ಎತ್ತುಗಳು ಕೊಟ್ಟಿಗೆಯಲ್ಲಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತವೆ. ಈ ಪದ್ಧತಿಯ ಬಗ್ಗೆ ನನಗೆ ಕೆಟ್ಟ ಮಾತಿಲ್ಲ. ದುಡಿಯುವ ಜೀವಕ್ಕೆ ವಾರಕ್ಕೊಂದು ದಿನ ಬಿಡುವು ಕೊಟ್ಟವರು ಯಾರೋ ಕರುಳಿದ್ದವರು.

ನಸುಕಿನಲ್ಲಿ ಎದ್ದು ಬೀಸಿದೆ, ನೀರು ಹೊತ್ತೆ, ಆಳುಗಳಿಗೂ ಸೇರಿ ರೊಟ್ಟಿ ಬಡಿದೆ. ಮಗಳಿಗೆ ತಲೆ ಬಾಚಿ, ಗಾಯದ ಮೇಲೆ ಜಡೆ ಬರದಂತೆ ಕಟ್ಟಿ, ಬರೆಯುವ ಪಾಟಿಯನ್ನು ದಾರ ಕಟ್ಟಿ ಕೊಟ್ಟು ಗಾಡಿಯಲ್ಲಿ ಕೂಡಿಸಿದೆ. ಬಾಗಿಲಿಗೆ ಬಂದರೆ ಮಾವನವರು ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕೂತು ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದಿದ್ದರು. ನನ್ನ ಗಂಡ ಅವರ ಹಿಂದೆ ನಿಂತು ಕಂಬ ನೋಡುತ್ತಿದ್ದರು.

"ಎಲ್ಲಿಗಿ?" ಎಂದರು ಮಾವನವರು.

"ಸಾಲಿಗ್ರಿ."

"ಇವತ್ತ ಸೋಮವಾರ."

"ಗೊತ್ತೈತ್ರಿ."

"ಗೊತ್ತಿದ್ದೂ ಗಾಲಿ ಹೊರಗ ತಗದೀ? ಸಾಲಿದು, ಗಾಡೀದು ಆಮ್ಯಾಲ ಮಾತಾಡೂನು. ಈ ಮನಿಯಿಂದ ಸೋಮವಾರ ಗಾಲಿ ಉರುಳಿಲ್ಲ. ನಮ್ಮಪ್ಪ ಉರುಳಿಸಿಲ್ಲ, ನಾ ಉರುಳಿಸಿಲ್ಲ. ನಾಳಿಗಿ ಹೋಗು."

ನಾಳೆಗೆ ಸಾಹೇಬರು ಇರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. "ಮಾವಾರ, ಬಸವ ಕೊಟ್ಟಿಗ್ಯಾಗ ಮಲಗ್ಯಾನ್ರಿ. ಅವನ ಕೊರಳಿಗಿ ನಾ ಕೈ ಹಚ್ಚಿಲ್ಲ. ಇದನ್ನ ಎಳಿಯಾಕಿ ನಾ" ಎಂದೆ.

"ಎಳಿಯೂದು ಎಳಿಯೂದ. ನೀ ಏನ ಎತ್ತೇನು?"

"ಅದನ್ನ ನಾನೂ ಕೇಳಾಕತ್ತೀನ್ರಿ. ನಾ ಎತ್ತ ಅಂತಾದ್ರ ಇವತ್ತ ನಾ ಬೀಸಬಾರದಿತ್ತು, ನೀರ ಹೊರಬಾರದಿತ್ತು, ಇಷ್ಟ ಮಂದಿಗಿ ರೊಟ್ಟಿ ಬಡಿಬಾರದಿತ್ತು. ನಸಕಿನಿಂದ ಎಲ್ಲಾ ಮಾಡೀನಿ. ಇವತ್ತ ಸೋಮವಾರ ಅಂತ ಯಾರೂ ಅನ್ನಲಿಲ್ಲ. ನಾ ಎತ್ತಲ್ಲ ಅಂದ್ರ ಈ ಗಾಡಿಗಿ ಸೋಮವಾರ ಇಲ್ಲ. ಎರಡರಾಗ ಒಂದ ಹೇಳ್ರಿ. ಹಂಗ ಮಾಡ್ತೀನಿ."

ಒಳಗೆ ಅತ್ತೆಯವರು ಮಜ್ಜಿಗೆ ಕಡೆಯುತ್ತಿದ್ದರು. ಕಡಗೋಲಿನ ಸದ್ದು ನಿಂತಿತು. ಅವರು ಬಂದು ನನ್ನ ಜುಟ್ಟು ಹಿಡಿಯುತ್ತಾರೆ ಎಂದುಕೊಂಡೆ. ಅವರು ಬರಲಿಲ್ಲ, ಕಡೆಯುವುದನ್ನೂ ಮುಂದುವರಿಸಲಿಲ್ಲ. ಎಷ್ಟು ಸೋಮವಾರ ಕಡೆದಿದ್ದರೋ ಪಾಪ, ಅದನ್ನು ಎಣಿಸುತ್ತಿದ್ದರೇನೋ.

ಮಾವನವರು ಎತ್ತು ಎನ್ನಲಿಲ್ಲ, ಎತ್ತಲ್ಲ ಎನ್ನಲೂ ಇಲ್ಲ. ನಾನು ಬಗ್ಗಿ ಕೋಲಿನ ತುದಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಅವರ ಕೈ ಬಿಗಿಯಾಗಿರಲಿಲ್ಲ. ಹೊಸ್ತಿಲು ದಾಟಿಸಲು ಗಾಡಿ ಎತ್ತುವಾಗ ಅಚ್ಚಿಗೆ ಕೈ ತಾಗಿ ಬೆರಳು ಕಪ್ಪಾದವು. ಯಾರೋ ಆಗಷ್ಟೇ ಕೀಲೆಣ್ಣೆ ಹಾಕಿದ್ದರು. ಗಂಡನ ಕಡೆ ನೋಡಿದೆ. ಅವರ ಬೆರಳೂ ಕಪ್ಪಗಿದ್ದವು. ಎಣ್ಣೆ ಹಾಕುವಷ್ಟು ಧೈರ್ಯ ಇದ್ದವರಿಗೆ ಒಂದು ಮಾತು ಆಡುವಷ್ಟು ಯಾಕಿಲ್ಲ ಎಂದು ಸಿಟ್ಟೂ ಬಂತು, ಸ್ವಲ್ಪ ನಗುವೂ ಬಂತು.

ಚಾವಡಿಯ ಮುಂದೆ ಹೋಗುವುದೇ ದೊಡ್ಡ ದಾರಿ. ಸೋಮವಾರ ಹೊಲಕ್ಕೆ ಹೋಗದ ಗಂಡಸರೆಲ್ಲ ಅಲ್ಲಿ ಕೂತಿರುತ್ತಾರೆ. ದೊಡ್ಡ ಮನೆಯ ಸೊಸೆಯರು ಅಲ್ಲಿ ಮುಖ ಮುಚ್ಚಿಕೊಂಡು ಬದಿಗೆ ಸರಿದು ದಾಟಬೇಕು. ಚಾವಡಿಯ ಮುಂದೆಯೇ ನನ್ನ ಸೆರಗು ಜಾರಿತು. ಎರಡೂ ಕೈ ಗಾಡಿಯ ಮೇಲಿದ್ದವು. ಆ ದಿನದ ಹಾಸುಗಲ್ಲು ನೆನಪಾಯಿತು. ಈ ಗಾಡಿ ಕೈ ಬಿಟ್ಟರೂ ಮಗುಚುತ್ತಿರಲಿಲ್ಲ, ಆದರೂ ಕೈ ಬಿಡಲಿಲ್ಲ. ಸೆರಗು ಹೆಗಲ ಮೇಲೆ ಬಿದ್ದಿತ್ತು, ಬಿದ್ದಿರಲಿ ಎಂದು ನಡೆದೆ.

"ಸೋಮವಾರ ಗಾಡಿ ಹೂಡ್ಯಾರಲ್ಲೋ" ಎಂದ ಒಬ್ಬ.

"ಹೂಡಿಲ್ರೀ ಕಾಕಾ, ನಮ್ಮವ್ವ ಎಳಿಯಾಕತ್ಯಾಳ" ಎಂದಳು ಗಾಡಿಯಲ್ಲಿದ್ದ ಮಗಳು, ತುಂಬ ಮರ್ಯಾದೆಯಿಂದ.

ಹಳ್ಳದ ಇಳಿಜಾರಿನಲ್ಲಿ ಗಾಡಿಯ ಭಾರವನ್ನು ಕಟ್ಟಿಗೆಯ ಮೇಲೆ ತಡೆದು ಇಳಿಸಿದೆ. ಏರಿನಲ್ಲಿ ಎರಡು ಸಲ ನಿಂತು ಗಾಲಿಗೆ ಮರದ ತುಂಡು ಕೊಟ್ಟು ಉಸಿರು ತಿರುಗಿಸಿಕೊಂಡೆ. ಸಾಲಿ ಮುಟ್ಟಿದಾಗ ಗಂಟೆ ಇನ್ನೂ ಹೊಡೆದಿರಲಿಲ್ಲ. ಮಗಳು ಬದಿಯ ಹಲಗೆ ತಾನೇ ಬಿಚ್ಚಿ, ಪಾಟಿಯನ್ನು ಕೊರಳಿಗೆ ಹಾಕಿಕೊಂಡು ಇಳಿದಳು. ನಾನು ಎತ್ತಲು ಹೋದರೆ "ಬ್ಯಾಡ" ಎಂದಳು. ಅಂಗೈ ಊರಿ ಬಾಗಿಲ ಒಳಗೆ ಹೋದಳು. ಕೆಲವು ಹುಡುಗರು ಕಿಸಕ್ಕನೆ ನಕ್ಕರು, ಮಾಸ್ತರು ಗದರಿದರು. ನಾನು ಹೊರಗೆ ಬೇವಿನ ಗಿಡದ ಕೆಳಗೆ ನಿಂತೆ. ಸಾಹೇಬರ ಮುಂದೆ ಮಾಸ್ತರು ಹೆಸರು ಬರೆದದ್ದು ನನಗೆ ಕಾಣಲಿಲ್ಲ. ಆದರೆ ಆಮೇಲೆ ಒಬ್ಬೊಬ್ಬರ ಹೆಸರು ಕೂಗುತ್ತ ಅವಳ ಹೆಸರಿಗೆ ಬಂದಾಗ, "ಹಜರ್" ಎಂದು ಅವಳು ಅಂದದ್ದು ಗಿಡದ ತನಕ ಕೇಳಿಸಿತು.

ಮಧ್ಯಾಹ್ನ ಮನೆಗೆ ಬಂದಾಗ ಮಾವನವರು ಅದೇ ಕಟ್ಟೆಯ ಮೇಲಿದ್ದರು. "ಅಜ್ಜಾ, ನನ್ನ ಹೆಸರ ಬರದಾರ" ಎಂದಳು ಮಗಳು. ಅವರು ಅವಳ ತಲೆ ಸವರಿದರು. ಗಾಯದ ಗೆರೆಯ ಮೇಲೆ ಅವರ ಕೈ ಸ್ವಲ್ಪ ನಿಂತಿತು. ನನ್ನ ಮುಖ ನೋಡದೆ, "ನಾಳಿಂದ ಆಳಮಗ ಎಳೀಲಿ. ಸೋಮವಾರ ಒಂದ ಬಿಡ್ರಿ" ಎಂದರು. ಅವರ ಮಟ್ಟಿಗೆ ಅದು ಬಹಳ ದೊಡ್ಡ ಮಾತು. ಹೂಂ ಎಂದಿದ್ದರೆ ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಗುತ್ತಿತ್ತು.

"ಬ್ಯಾಡ್ರಿ ಮಾವಾರ. ಎಲ್ಲಾ ವಾರ ನಾನ ಎಳೀತೀನಿ. ನಾ ಕೇಳಿದ್ದಕ್ಕ ನೀವಿನ್ನಾ ಜವಾಬ ಕೊಟ್ಟಿಲ್ಲ" ಎಂದೆ.

ಜವಾಬು ಅವರು ಕೊನೆಯ ತನಕ ಕೊಡಲಿಲ್ಲ. ನಾನು ನಾಲ್ಕು ವರ್ಷ ಆ ಗಾಡಿ ಎಳೆದೆ. ಮುಂದಿನ ಗಾಲಿ ಒಮ್ಮೆ ಸವೆದು ಬದಲಾಯಿಸಿದೆವು, ಗೂಟ ಮಾತ್ರ ಹಾಗೆಯೇ ಇತ್ತು. ಸಾಲಿಗೆ ಹಿತ್ತಲಿನಿಂದ ಒಂದು ಹತ್ತಿರದ ದಾರಿ ಇದೆ ಎಂದು ಬೇಗನೆ ಗೊತ್ತಾಯಿತು. ಏರೂ ಕಡಿಮೆ, ನೆರಳೂ ಇದೆ, ಯಾರೂ ಎದುರಾಗುವುದಿಲ್ಲ. ಮಂಗಳವಾರದಿಂದ ಶನಿವಾರದ ತನಕ ನಾವು ಆ ದಾರಿಯಲ್ಲೇ ಹೋಗುತ್ತಿದ್ದೆವು. ಸೋಮವಾರ ಮಾತ್ರ ದೊಡ್ಡ ಬಾಗಿಲಿನಿಂದ ಹೊರಟು ಚಾವಡಿಯ ಮುಂದೆ ಹೋಗುತ್ತಿದ್ದೆ. ಚಾವಡಿ ಬಂದ ಕೂಡಲೇ ಮಗಳು ಹನ್ನೆರಡರ ಮಗ್ಗಿ ಶುರುಮಾಡುತ್ತಿದ್ದಳು. ಅದು ಮುಗಿಯುವ ತನಕ ನಾನು ಗಾಡಿಯನ್ನು ನಿಧಾನವಾಗಿ ಎಳೆಯುತ್ತಿದ್ದೆ.